ದನಿಗೆ ತಕ್ಕ ಪೆಟ್ಟಿಗೆ

ಚಿಕ್ಕಬಳ್ಳಾಪುರದ ಒಂದು ಮನೆಯ ಹಜಾರವನ್ನು ಮನಸ್ಸಿಗೆ ತಂದುಕೊಳ್ಳಿ. ಮೇಲೆ ಕಲ್ಲುಚಪ್ಪಡಿಯ ಮಾಳಿಗೆ, ಕೆಳಗೆ ನುಣುಪಾದ ನೆಲ, ಗೋಡೆಯ ಮೇಲೆ ಹಿರಿಯರ ಪಟಗಳು. ಹಿಂದೊಮ್ಮೆ ವಾಲ್ವು ರೇಡಿಯೋ ಕುಳಿತಿದ್ದ ಮೇಜಿನ ಮೇಲೆ ಈಗ ಒಂದು ಸ್ಟೀರಿಯೋ ಆಂಪ್ಲಿಫೈಯರು ಬಂದು ಕುಳಿತಿದೆ. ಅದಕ್ಕೆ ಒಂದು ಜೊತೆ ಸ್ಪೀಕರು ಬೇಕಾಗಿದೆ. ಮಗನಿಗೆ ಎದೆಯೆತ್ತರ ನಿಲ್ಲುವ, ಅಂಗಡಿಯವರು ‘ಟವರ್’ ಎಂದು ಕರೆಯುವ ಜೋಡಿಯ ಮೇಲೆ ಕಣ್ಣು. ತಂದೆಗೆ ಅದರ ಬೆಲೆಚೀಟಿಯ ಮೇಲೆ ಕಣ್ಣು. ಅಜ್ಜಿಗಾದರೋ ಒಂದೇ ಆಸೆ: ಬೆಳಗಿನ ಹೊತ್ತು ಕೈವಾರ ತಾತಯ್ಯನವರ ಕೀರ್ತನೆಯ ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳಬೇಕು. ಮೂವರ ಆಸೆಯೂ ನ್ಯಾಯವಾದುದೇ. ಆದರೆ ಹಲವು ತಿಂಗಳ ಉಳಿತಾಯ ಒಂದು ಸಲ ಕೈಬಿಟ್ಟು ಹೋದ ಮೇಲೆ, ತಂದ ಪೆಟ್ಟಿಗೆ ಮನೆಗೆ ಒಗ್ಗದೆ ಹೋದರೆ ಮೂವರೂ ಪೆಚ್ಚಾಗುತ್ತಾರೆ.

ಅಂಗಡಿಗೆ ಹೋದಿರಾದರೆ ಸಂಖ್ಯೆಗಳ ಮಳೆಯೇ ಸುರಿಯುತ್ತದೆ. ಇಷ್ಟು ವ್ಯಾಟು, ಇಷ್ಟು ಓಮು, ಇಷ್ಟು ಡೆಸಿಬೆಲ್ಲು! ಈ ಒಂದೊಂದು ಸಂಖ್ಯೆಯ ಹಿಂದೆಯೂ ಒಂದು ತೊಡಕು ಉಂಟು, ಆ ತೊಡಕನ್ನು ಬಿಡಿಸಿದವರ ಕಥೆಯೂ ಉಂಟು. ಕಥೆ ತಿಳಿದವನಿಗೆ ಸಂಖ್ಯೆ ಹೆದರಿಕೆ ಹುಟ್ಟಿಸುವುದಿಲ್ಲ. ಆದುದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನನ್ನೊಡನೆ ಸ್ವಲ್ಪ ದೂರ ನಡೆದು ಬನ್ನಿ. ದಾರಿ ಬಹಳ ದೂರದಿಂದ ಆರಂಭವಾಗಬೇಕಾಗಿಲ್ಲ; ಗೌರಿಬಿದನೂರಿನಿಂದಲೇ ಹೊರಡೋಣ.

ಗೌರಿಬಿದನೂರಿನ ಸುತ್ತಮುತ್ತ 1965ರಲ್ಲಿ ನಮ್ಮ ಅಣುಶಕ್ತಿ ಇಲಾಖೆಯವರು ಬ್ರಿಟನ್ನಿನ ಸಹಕಾರದಿಂದ ಒಂದು ಭೂಕಂಪನ ಮಾಪಕ ವ್ಯೂಹವನ್ನು ಸ್ಥಾಪಿಸಿದರು. ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ 20 ಮಾಪಕಗಳನ್ನು ಹೊಲಗದ್ದೆಗಳ ನಡುವೆ ಹೂಡಿದರು. ಸಾವಿರಾರು ಮೈಲಿಗಳಾಚೆ ಭೂಗರ್ಭದಲ್ಲಿ ಅಣುಸ್ಫೋಟವಾದರೆ ಅದರ ನಡುಕವನ್ನು ಇಲ್ಲಿ ಹಿಡಿಯಬೇಕೆಂಬುದು ಉದ್ದೇಶ. ಆ ಮಾಪಕದ ಒಳಗೆ ಇರುವುದೇನು? ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ. ನೆಲ ನಡುಗಿದಾಗ ಇವೆರಡರಲ್ಲಿ ಒಂದು ಇನ್ನೊಂದರ ಬಳಿ ಅಲುಗುತ್ತದೆ. ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ತ್ವ ಇದು.

ಇದನ್ನೇ ತಿರುಗುಮುರುಗಾಗಿಸಿ ನೋಡಿ. ಸುರುಳಿಯೊಳಕ್ಕೆ ನಾವೇ ವಿದ್ಯುತ್ತನ್ನು ಹರಿಸಿದರೆ ಸುರುಳಿ ಅಲುಗುತ್ತದೆ. ಅದಕ್ಕೆ ಕಾಗದದ ಒಂದು ಆಲಿಕೆಯನ್ನು ಅಂಟಿಸಿದರೆ ಆಲಿಕೆ ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ, ದನಿ ಹೊರಡುತ್ತದೆ. ನಿಮ್ಮ ಮನೆಯ ಸ್ಪೀಕರು ಇಷ್ಟೇ. ಗೌರಿಬಿದನೂರಿನ ಮಾಪಕ ಭೂಮಿಯ ಮಾತನ್ನು ಕೇಳುವ ಕಿವಿಯಾದರೆ, ಸ್ಪೀಕರು ಅದೇ ವಂಶದ ಬಾಯಿ.

ಈ ಬಾಯಿ ಮಾತು ಕಲಿಯಲು ಬಹಳ ಕಾಲ ಹಿಡಿಯಿತು. ಸುರುಳಿ ಅಲುಗುವ ಇಂಥ ಯಂತ್ರದ ಕಲ್ಪನೆಗೆ ಜರ್ಮನಿಯ ಸೀಮೆನ್ಸ್ 1870ರ ದಶಕದಲ್ಲೇ ಹಕ್ಕುಪತ್ರ ಪಡೆದಿದ್ದ. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1898ರಲ್ಲಿ ಅದನ್ನು ಇನ್ನಷ್ಟು ತಿದ್ದಿದ. ಆದರೆ ಸುರುಳಿಯನ್ನು ಬಲವಾಗಿ ಅಲುಗಿಸಬಲ್ಲ ಆಂಪ್ಲಿಫೈಯರು ಆಗ ಇರಲಿಲ್ಲ. ಗಾಡಿ ಸಿದ್ಧವಾಗಿದೆ, ಎತ್ತು ಇನ್ನೂ ಹುಟ್ಟಿಲ್ಲ ಎಂಬಂತಾಯಿತು. ವಾಲ್ವು ಬಳಕೆಗೆ ಬಂದ ಮೇಲೆ ಕಾಲ ಕೂಡಿಬಂತು. 1915ರ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರಸಭೆಯ ಮುಂದೆ ಜೆನ್ಸನ್ ಮತ್ತು ಪ್ರಿಡಮ್ ಎಂಬ ಇಬ್ಬರು ತಮ್ಮ ಧ್ವನಿವರ್ಧಕದ ಮೂಲಕ ಭಾರಿ ಜನಸ್ತೋಮಕ್ಕೆ ಭಾಷಣ, ಸಂಗೀತಗಳನ್ನು ಕೇಳಿಸಿದರು. ಅವರು ಸುರುಳಿಯ ಮುಂದೆ ಕಹಳೆಯನ್ನು ಜೋಡಿಸಿದ್ದರು. ನಮ್ಮ ಜಾತ್ರೆಗಳಲ್ಲಿ ಮೈಕ್ ಸೆಟ್ಟಿನವರು ಬೇವಿನ ಮರಕ್ಕೆ ಕಟ್ಟುತ್ತಿದ್ದ ಹಾರನ್ನು ಈ ಕಹಳೆಯ ಮೊಮ್ಮಗ. ಕೆಲವೇ ವ್ಯಾಟಿನಲ್ಲಿ ಊರಿಗೆಲ್ಲ ಕೇಳಿಸುವುದು ಅದರ ಗುಣ. ಮೃದಂಗದ ತೊಪ್ಪಿಯ ನಾದವನ್ನು ನುಂಗಿಬಿಡುವುದು ಅದರ ದೋಷ.

ಈಗ ನಾವು ಮನೆಯಲ್ಲಿ ಬಳಸುವ ಬಗೆಯ ಸ್ಪೀಕರಿಗೆ ರೂಪು ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಪ್ರಕಟವಾದುದು 1925ರಲ್ಲಿ. ಮರು ವರ್ಷ ಅದು ‘ರೇಡಿಯೋಲಾ 104’ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಆ ಪೆಟ್ಟಿಗೆಯೊಳಗೆ ಸ್ಪೀಕರಿನ ಜೊತೆಗೆ ಆಂಪ್ಲಿಫೈಯರೂ ಇತ್ತೆಂಬುದನ್ನು ಗಮನಿಸಿ. ಎಂದರೆ ಈ ಸಂಸಾರದಲ್ಲಿ ಮೊದಲ ಮದುವೆ ತಯಾರಕರ ಮನೆಯಲ್ಲೇ ನಡೆದುಹೋಯಿತು; ಜಾತಕ ಕೂಡಿಸುವ ಕಷ್ಟ ಕೊಂಡವನಿಗೆ ಇರಲಿಲ್ಲ.

ನಮ್ಮ ಸೀಮೆಗೆ ಬಾನುಲಿ ಬಂದುದು ಅದಾದ ಹತ್ತು ವರ್ಷಕ್ಕೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ‘ವಿಠಲ ವಿಹಾರ’ವೆಂಬ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅವರ ಪ್ರಸಾರ ಯಂತ್ರದ ಶಕ್ತಿ ಮೊದಲು 30 ವ್ಯಾಟು. ಇಡೀ ನಿಲಯಕ್ಕೆ 30 ವ್ಯಾಟು! ಇಂದು ಹಜಾರದ ಒಂದು ಆಂಪ್ಲಿಫೈಯರಿನ ಮೈಮೇಲೆ ಅದರ ಎರಡರಷ್ಟು, ಮೂರರಷ್ಟು ಬರೆದಿರುತ್ತದೆ. ಆಕಾಶದಲ್ಲಿ ಹರಡುವ ವ್ಯಾಟಿಗೂ ಕೋಣೆಯಲ್ಲಿ ಕೇಳುವ ವ್ಯಾಟಿಗೂ ಕೆಲಸ ಬೇರೆ, ನಿಜ. ಆದರೂ ವ್ಯಾಟಿನ ಸಂಖ್ಯೆ ಕಂಡೊಡನೆ ಬೆರಗಾಗಬಾರದೆಂಬ ಪಾಠಕ್ಕೆ ಇದೊಂದು ಒಳ್ಳೆಯ ಆರಂಭ. ಆ ಪುಟ್ಟ ನಿಲಯವೇ ‘ಆಕಾಶವಾಣಿ’ ಎಂಬ ಹೆಸರನ್ನು ಹೊತ್ತಿತು. 1942ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು. 1955ರಲ್ಲಿ ಬೆಂಗಳೂರಿನಲ್ಲಿ ನಿಲಯ ಆರಂಭವಾಯಿತು.

ಆ ಕಾಲದ ವಾಲ್ವು ರೇಡಿಯೋ ಮೂರು ನಾಲ್ಕು ವ್ಯಾಟಿನಲ್ಲಿ ಹಜಾರವನ್ನು ತುಂಬುತ್ತಿತ್ತು. ಅದರೊಳಗೆ ಒಂದು ತೊಡಕಿತ್ತು. ವಾಲ್ವಿಗೆ ಸಾವಿರಾರು ಓಮಿನ ಭಾರವೇ ಬೇಕು. ಸ್ಪೀಕರಿನ ಸುರುಳಿಯಾದರೋ ಮೂರರಿಂದ ಹದಿನೈದು ಓಮಿನ ಬಡಪಾಯಿ. ಈ ಇಬ್ಬರನ್ನು ನೇರವಾಗಿ ಕೂಡಿಸಿದರೆ ಸಂಸಾರ ನಡೆಯದು. ನಡುವೆ ಒಬ್ಬ ದಳ್ಳಾಳಿ ಬೇಕಾಯಿತು. ಅವನೇ ಟ್ರಾನ್ಸ್‌ಫಾರ್ಮರು. ಒಂದು ಕಡೆ 25 ಸುತ್ತು, ಇನ್ನೊಂದು ಕಡೆ 1 ಸುತ್ತು ಎಂಬ ಪ್ರಮಾಣದಲ್ಲಿ ತಂತಿ ಸುತ್ತಿದರೆ, 25ರ ವರ್ಗ 625. ಆಗ 8 ಓಮಿನ ಸ್ಪೀಕರು ವಾಲ್ವಿನ ಕಣ್ಣಿಗೆ 5000 ಓಮಾಗಿ ಕಾಣುತ್ತದೆ! ಹಳೆಯ ಆಂಪ್ಲಿಫೈಯರುಗಳ ಬೆನ್ನ ಮೇಲೆ 4, 8, 16 ಎಂದು ಬೇರೆ ಬೇರೆ ತಿರುಪುಗಳಿದ್ದುದು ಇದಕ್ಕಾಗಿ. ಸ್ಪೀಕರಿನ ಓಮು ಯಾವುದೋ ಆ ತಿರುಪಿಗೇ ತಂತಿ ಬಿಗಿಯಬೇಕೆಂಬ ಕಟ್ಟುನಿಟ್ಟು ಅಂದು ಹುಟ್ಟಿತು.

1947ರಲ್ಲಿ ಇಂಗ್ಲೆಂಡಿನ ವಿಲಿಯಮ್ಸನ್ ಎಂಬ ಎಂಜಿನಿಯರು ಒಂದು ಆಂಪ್ಲಿಫೈಯರಿನ ನಕ್ಷೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದ. ಲೋಕದ ಹವ್ಯಾಸಿಗಳೆಲ್ಲ ಅದನ್ನು ಕಟ್ಟಿಕೊಂಡರು. ಅದರ ಶಕ್ತಿ 15 ವ್ಯಾಟು. ಮನೆಗೆ ಅಷ್ಟು ಧಾರಾಳ ಎಂದು ಎಲ್ಲರೂ ಒಪ್ಪಿದ್ದರು. 1960ರ ದಶಕದಲ್ಲಿ ಟ್ರಾನ್ಸಿಸ್ಟರು ಬಂದು ದಳ್ಳಾಳಿಯನ್ನೇ ಮನೆಯಿಂದ ಹೊರಗೆ ಕಳಿಸಿತು. ಇಂದಿನ ಆಂಪ್ಲಿಫೈಯರಿಗೆ ಓಮು ಸರಿಸಮ ಹೊಂದಬೇಕೆಂಬ ನಿಯಮವಿಲ್ಲ. ಸ್ಪೀಕರಿನ ಓಮು ತೀರ ಕೆಳಗಿಳಿಯಬಾರದು, ಅಷ್ಟೆ. ಲೆಕ್ಕ ನೋಡಿ: 20 ವೋಲ್ಟು 8 ಓಮಿನ ಮೇಲೆ 50 ವ್ಯಾಟನ್ನು ಕೊಡುತ್ತದೆ, ಆಗ ಹರಿಯುವ ಪ್ರವಾಹ ಎರಡೂವರೆ ಆಂಪಿಯರು. ಅದೇ 20 ವೋಲ್ಟಿಗೆ 4 ಓಮನ್ನು ಜೋಡಿಸಿದರೆ 100 ವ್ಯಾಟು, 5 ಆಂಪಿಯರು. ಕೇಳಲು ಲಾಭವೆನಿಸುತ್ತದೆ, ಆದರೆ ಆ 5 ಆಂಪಿಯರನ್ನು ಕೊಡುವ ತ್ರಾಣ ಯಂತ್ರಕ್ಕೆ ಇಲ್ಲದಿದ್ದರೆ ಮೈ ಕಾದು ಕೆಡುತ್ತದೆ. ಆಂಪ್ಲಿಫೈಯರಿನ ಬೆನ್ನ ಮೇಲೆ ‘ಕನಿಷ್ಠ 8 ಓಮು’ ಎಂದಿದ್ದರೆ 4 ಓಮಿನ ಟವರನ್ನು ಅದಕ್ಕೆ ಕಟ್ಟಬೇಡಿ. ಒಂದೇ ಜಾಗಕ್ಕೆ ಎರಡು ಜೊತೆ ಸ್ಪೀಕರು ಸೇರಿಸಿದರೂ 8 ಓಮು 4 ಆಗುತ್ತದೆಂಬುದನ್ನು ಮರೆಯಬೇಡಿ.

ಇನ್ನು ಪೆಟ್ಟಿಗೆಯ ಮಾತು. ಕಾಗದದ ಆಲಿಕೆ ಮುಂದಕ್ಕೆ ಗಾಳಿಯನ್ನು ತಳ್ಳುವಾಗಲೇ ಹಿಂದೆ ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ಕೊಂದುಕೊಳ್ಳುತ್ತವೆ; ಮಂದ್ರ ಸ್ವರ ಮಾಯವಾಗುತ್ತದೆ. ಆದುದರಿಂದ ಹಲಗೆ ಬಂತು, ಪೆಟ್ಟಿಗೆ ಬಂತು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1930ರಲ್ಲಿ ಪೆಟ್ಟಿಗೆಗೆ ಒಂದು ಕಂಡಿ ಕೊರೆದು, ವ್ಯರ್ಥವಾಗುತ್ತಿದ್ದ ಹಿಂದಿನ ಅಲೆಯನ್ನೇ ದುಡಿಸಿಕೊಳ್ಳುವ ಉಪಾಯಕ್ಕೆ ಹಕ್ಕುಪತ್ರ ಕೋರಿದ. ಖಾಲಿ ಮಡಕೆಯ ಬಾಯಿಗೆ ತುಟಿಯಿಟ್ಟು ಊದಿದರೆ ಹೂಂಕಾರ ಹೊರಡುವುದಿಲ್ಲವೆ? ಅದೇ ತತ್ತ್ವ. ನಮ್ಮ ಊರುಗಳ ಹುಡುಗರು ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರು ಕೂರಿಸಿ ಗುಂಯ್‌ಗುಡಿಸಿದ್ದುಂಟು. ಕುಂಬಾರ ತಿಳಿಯದೆಯೇ ಧ್ವನಿಶಾಸ್ತ್ರಕ್ಕೆ ನೆರವಾಗಿದ್ದ!

1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಬೇರೆ ದಾರಿ ಹಿಡಿದ. ಕಂಡಿಯನ್ನು ಮುಚ್ಚಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಚಿಕ್ಕ ಪೆಟ್ಟಿಗೆಯಿಂದ ಮಂದ್ರ ಸ್ವರ ಹೊರಡಿಸಿದ. ಆದರೆ ಅದಕ್ಕೆ ಹೆಚ್ಚು ವ್ಯಾಟು ಬೇಕಾಯಿತು. ಅನಂತರ 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲೆ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಪೆಟ್ಟಿಗೆಯ ಅಳತೆಗೂ ಕಂಡಿಯ ಅಳತೆಗೂ ಲೆಕ್ಕ ಬರೆದಿಟ್ಟರು. ಊಹೆಯ ಕಸುಬು ಗಣಿತದ ಕಸುಬಾಯಿತು. ಆ ಗಣಿತದ ಸಾರ ಇಷ್ಟು: ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಮೆ ವ್ಯಾಟಿನಲ್ಲಿ ದೊಡ್ಡ ದನಿ, ಈ ಮೂರರಲ್ಲಿ ಎರಡನ್ನು ಕೇಳಬಹುದು, ಮೂರನ್ನೂ ಕೇಳುವಂತಿಲ್ಲ. ನೆಲದ ಮೇಲೆ ನಿಲ್ಲುವ ಸ್ಪೀಕರು ಚಿಕ್ಕತನವನ್ನು ಬಿಟ್ಟುಕೊಟ್ಟು ಉಳಿದೆರಡನ್ನು ಹಿಡಿಯುವ ಪ್ರಯತ್ನ. ಅದರ ಎತ್ತರಕ್ಕೆ ಕಾರಣ ಇದೇ ಹೊರತು ಠೀವಿಯಲ್ಲ.

ಇಲ್ಲಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಒಂದು ಸಲ ಹೋಗಿ ಬರೋಣ. ಅಲ್ಲಿ ನೂಲು ಬಿಚ್ಚಾಣಿಕೆಯವರು ರೇಷ್ಮೆಗೂಡಿನ ರಾಶಿ ದೊಡ್ಡದೆಂದು ಮರುಳಾಗುತ್ತಾರೆಯೆ? ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತು ಎಂದು ಕೇಳುತ್ತಾರೆ. ಅದಕ್ಕೆ ‘ರೆಂಡಿಟ್ಟ’ ಎಂಬ ಹೆಸರೇ ಇದೆ. ಸ್ಪೀಕರಿಗೂ ಇಂಥ ರೆಂಡಿಟ್ಟ ಉಂಟು. ಒಂದು ವ್ಯಾಟು ಕೊಟ್ಟರೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ಲು ದನಿ ಎಂಬುದೇ ಅದು. ರೆಂಡಿಟ್ಟ ಕಡಮೆಯಾದಷ್ಟೂ ಲಾಭ, ಇದು ಹೆಚ್ಚಾದಷ್ಟೂ ಲಾಭ, ವ್ಯತ್ಯಾಸ ಅಷ್ಟೆ. ಸಾಧಾರಣವಾದ 88 ಡೆಸಿಬೆಲ್ಲಿನ ಸ್ಪೀಕರಿಗೆ 100 ವ್ಯಾಟು ಸುರಿದರೆ ದನಿಯಾಗಿ ಹೊರಬರುವುದು ಅರ್ಧ ವ್ಯಾಟಿಗೂ ಕಡಮೆ. ಉಳಿದುದೆಲ್ಲ ಸುರುಳಿಯಲ್ಲಿ ಶಾಖವಾಗಿ ಹೋಗುತ್ತದೆ.

ಈಗ ಲೆಕ್ಕ ಕಟ್ಟಿ. 3 ಡೆಸಿಬೆಲ್ಲು ಏರಬೇಕಾದರೆ ವ್ಯಾಟು ಎರಡರಷ್ಟಾಗಬೇಕು. 6 ಏರಬೇಕಾದರೆ ನಾಲ್ಕರಷ್ಟು. 10 ಏರಿದರೆ, ಎಂದರೆ ಹತ್ತರಷ್ಟು ವ್ಯಾಟು ಸುರಿದರೆ, ಕಿವಿಗೆ ದನಿ ಎರಡರಷ್ಟಾದಂತೆ ತೋರುತ್ತದೆ. 91 ಡೆಸಿಬೆಲ್ಲಿನ ಸ್ಪೀಕರಿಗೆ 25 ವ್ಯಾಟು ಕೊಡುವುದೂ ಒಂದೇ, 85ರದಕ್ಕೆ 100 ವ್ಯಾಟು ಕೊಡುವುದೂ ಒಂದೇ. ಆಂಪ್ಲಿಫೈಯರು ಚಿಕ್ಕದಾದ ಮನೆಯವರು ದೊಡ್ಡ ಆಂಪ್ಲಿಫೈಯರಿಗೆ ಹಣ ಕೂಡಿಸುವ ಬದಲು ಡೆಸಿಬೆಲ್ಲು ಹೆಚ್ಚಿರುವ ಸ್ಪೀಕರನ್ನು ಆರಿಸುವುದು ಜಾಣತನ. ವಾರ್ತೆ ಕೇಳಲು ಒಂದು ವ್ಯಾಟೂ ಬೇಡ. ಹಾಗಾದರೆ 50 ವ್ಯಾಟು ಏಕೆ ಎಂದು ಕೇಳುತ್ತೀರಿ. ಕಚೇರಿಯಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿ ದನಿಗಿಂತ 20 ಡೆಸಿಬೆಲ್ಲು ಮೇಲೆ ಹಾರಬಹುದು. 20 ಎಂದರೆ ವ್ಯಾಟಿನಲ್ಲಿ ನೂರರಷ್ಟು. ಸರಾಸರಿ ಅರ್ಧ ವ್ಯಾಟಿನಲ್ಲಿ ಸಾಗುವ ಹಾಡು ಆ ಕ್ಷಣಕ್ಕೆ 50 ವ್ಯಾಟು ಕೇಳುತ್ತದೆ. ಸಿಗದಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ದನಿ ಒಡಕಾಗುತ್ತದೆ. ಹಾಗೇ ತಿರುಗಣೆ ಏರಿಸುತ್ತ ಹೋದರೆ ತಾರಸ್ವರದ ಪುಟ್ಟ ಸ್ಪೀಕರು ಸುಟ್ಟುಹೋಗುವುದೂ ಉಂಟು. ಚಿಕ್ಕ ಆಂಪ್ಲಿಫೈಯರು ಸ್ಪೀಕರಿಗೆ ನಿರಪಾಯವೆಂಬುದು ಭ್ರಮೆ.

ವ್ಯಾಟು ಎಂದ ಮೇಲೆ ಒಂದು ಎಚ್ಚರಿಕೆ. ಒಂದು ಕಾಲದಲ್ಲಿ ಅಂಗೈಯಗಲದ ಟೇಪ್ ರೆಕಾರ್ಡರಿನ ಮೇಲೂ ‘ಪಿ.ಎಂ.ಪಿ.ಒ.’ ಎಂದು ಬರೆದು ಸಾವಿರಗಟ್ಟಲೆ ವ್ಯಾಟು ಮೆರೆಸುತ್ತಿದ್ದರು. ಯಾವ ಪ್ರಮಾಣಶಾಸ್ತ್ರಕ್ಕೂ ನಿಲುಕದ ಲೆಕ್ಕ ಅದು. ಇಂಥ ಉತ್ಪ್ರೇಕ್ಷೆ ಅಮೆರಿಕದಲ್ಲೂ ಅತಿಯಾಗಿ, ಆಂಪ್ಲಿಫೈಯರಿನ ವ್ಯಾಟನ್ನು ಹೇಗೆ ಅಳೆದು ಸಾರಬೇಕೆಂದು 1974ರಲ್ಲಿ ಅಲ್ಲಿನ ವಾಣಿಜ್ಯ ಆಯೋಗವೇ ಕಟ್ಟಳೆ ಮಾಡಬೇಕಾಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನು ರಚಿಸಿದ್ದರು. ಭೌತವಿಜ್ಞಾನದ ಆ ಮೇಷ್ಟ್ರ ನೆನಪನ್ನು ಅಂಗಡಿಗೆ ಜೊತೆಗೆ ಕರೆದೊಯ್ಯಿರಿ. ‘ಎಷ್ಟು ಓಮಿಗೆ, ನಿರಂತರವಾಗಿ ಎಷ್ಟು ವ್ಯಾಟು?’ ಎಂದು ಕೇಳಿ. ಉತ್ತರ ಬಾರದ ಪವಾಡವನ್ನು ಅಲ್ಲೇ ಬಿಟ್ಟು ಬನ್ನಿ.

ಸ್ಟೀರಿಯೋ ಎಂಬುದಕ್ಕೆ ಎರಡು ಪೆಟ್ಟಿಗೆ ಏಕೆ ಬೇಕೆಂಬ ಕಥೆ ಮನಸ್ಸನ್ನು ಕಲಕುವಂಥದು. 1881ರಲ್ಲೇ ಪ್ಯಾರಿಸಿನಲ್ಲಿ ಕ್ಲೆಮಾ ಆದೇರ್ ನಾಟಕಶಾಲೆಯ ಸಂಗೀತವನ್ನು ಎರಡು ಟೆಲಿಫೋನುಗಳ ಮೂಲಕ ಎರಡು ಕಿವಿಗೂ ಕೇಳಿಸಿದ್ದ. ಆದರೆ ಇದಕ್ಕೆ ಶಾಸ್ತ್ರ ಕಟ್ಟಿದವನು ಇಂಗ್ಲೆಂಡಿನ ಅಲನ್ ಬ್ಲುಮ್ಲೈನ್. ಸಿನಿಮಾದಲ್ಲಿ ನಟ ಪರದೆಯ ಒಂದು ತುದಿಯಲ್ಲಿದ್ದರೂ ದನಿ ಬೇರೆಲ್ಲಿಂದಲೋ ಬರುವುದು ಅವನಿಗೆ ಸಹಿಸಲಿಲ್ಲವಂತೆ. 1931ರ ಡಿಸೆಂಬರಿನಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದ. ಒಂದೇ ಗೀರಿನ ಎರಡು ದಂಡೆಗಳಲ್ಲಿ ಎರಡು ದನಿ ಕೊರೆಯುವ ಉಪಾಯವೂ ಅದರಲ್ಲಿತ್ತು. 1942ರ ಜೂನ್ 7ರಂದು, ಯುದ್ಧದ ರೇಡಾರು ಯಂತ್ರದ ಪರೀಕ್ಷೆಗಾಗಿ ಹೊರಟಿದ್ದ ವಿಮಾನ ಬಿದ್ದು ಅವನು ತೀರಿಕೊಂಡ, ವಯಸ್ಸು 38. ಸ್ಟೀರಿಯೋ ಗ್ರಾಮಫೋನು ತಟ್ಟೆಗಳು ಅಂಗಡಿಗೆ ಬಂದುದು 1957-58ರಲ್ಲಿ. ತಾನು ನೆಟ್ಟ ಮರದ ಹಣ್ಣನ್ನು ಅವನು ತಿನ್ನಲಿಲ್ಲ, ನಾವು ತಿನ್ನುತ್ತಿದ್ದೇವೆ.

ಆ ಹಣ್ಣಿನ ರುಚಿ ಸಿಗಬೇಕಾದರೆ ಎರಡು ಸ್ಪೀಕರೂ ಅವಳಿಜವಳಿಯಾಗಿರಬೇಕು. ನೀವೂ ಅವೆರಡೂ ಸೇರಿ ಸಮತ್ರಿಕೋನವಾಗುವಂತೆ ಕುಳಿತುಕೊಳ್ಳಬೇಕು. ಒಂದನ್ನು ಹಜಾರದಲ್ಲೂ ಇನ್ನೊಂದನ್ನು ಅಡುಗೆಮನೆಯ ಬಾಗಿಲಲ್ಲೂ ಇಟ್ಟರೆ ಬ್ಲುಮ್ಲೈನನ ಶ್ರಮ ನೀರಿನಲ್ಲಿ ಹೋಮ.

ಕೊನೆಗೆ, ಕೋಣೆ. ಚಿಂತಾಮಣಿಯ ಹಳೆಯ ಮನೆಯ 12 ಅಡಿ ಕೋಣೆಯೊಂದನ್ನು ತೆಗೆದುಕೊಳ್ಳಿ. ಅಷ್ಟು ಉದ್ದದ ಕೋಣೆ 47 ಹರ್ಟ್ಜ್ ಸುಮಾರಿನ ಮಂದ್ರ ಸ್ವರಕ್ಕೆ ತಾನೇ ಹಾಡತೊಡಗುತ್ತದೆ. ಅಲ್ಲಿ ದೊಡ್ಡ ಟವರನ್ನು ಮೂಲೆಗೆ ಒತ್ತಿಟ್ಟರೆ ಒಂದೇ ಸ್ವರ ಗುಂಯ್‌ಗುಟ್ಟಿ ಮಾತನ್ನು ಮುಚ್ಚಿಹಾಕುತ್ತದೆ. ಅಂಥ ಕೋಣೆಗೆ ಪೀಠದ ಮೇಲಿಡುವ ಚಿಕ್ಕ ಜೋಡಿಯೇ ಮೇಲು; ಹಣವೂ ಉಳಿಯಿತು. ವಿಶಾಲವಾದ ಹಜಾರವಿದ್ದರೆ ಟವರು ಶೋಭಿಸುತ್ತದೆ. ಗೋಡೆಯಿಂದ ಎರಡಡಿಯಾದರೂ ಈಚೆಗಿರಲಿ. ಕಲ್ಲುಚಪ್ಪಡಿಯೂ ನುಣುಪು ನೆಲವೂ ದನಿಯನ್ನು ಚೆಂಡಿನಂತೆ ಎಸೆದಾಡುತ್ತವೆ. ಒಂದು ಜಮಖಾನೆ ಹಾಸಿ, ಬಟ್ಟೆಯ ಪರದೆ ಇಳಿಬಿಡಿ. ದುಬಾರಿ ಸ್ಪೀಕರು ಕೊಡದ ಸ್ಪಷ್ಟತೆಯನ್ನು ಅವು ಕೊಡಬಹುದು. ನೀವು ಮುಖ್ಯವಾಗಿ ಮಧ್ಯಮ ತರಂಗದ ಪ್ರಸಾರವನ್ನೇ ಕೇಳುವವರಾದರೆ ಅದರಲ್ಲಿ 5000 ಹರ್ಟ್ಜ್‌ಗಿಂತ ಮೇಲಿನ ಸ್ವರ ಹೆಚ್ಚಾಗಿ ಬರುವುದೇ ಇಲ್ಲ, ಎಫ್.ಎಂ.ನಲ್ಲಿ 15000ದ ವರೆಗೆ ಬರುತ್ತದೆ. ಬಾವಿಯಲ್ಲಿ ಇಲ್ಲದ ನೀರನ್ನು ದೊಡ್ಡ ಕೊಡ ಸೇದಿಕೊಡದು.

ಅಂಗಡಿಗೆ ಹೋಗುವಾಗ ನೀವು ನೂರು ಸಲ ಕೇಳಿದ ಹಾಡೊಂದನ್ನು, ಮಾತೊಂದನ್ನು ಜೊತೆಗೆ ಒಯ್ಯಿರಿ. ಎರಡು ಜೋಡಿಯನ್ನು ಹೋಲಿಸುವಾಗ ದನಿಯ ಮಟ್ಟ ಒಂದೇ ಇರಲಿ. ಸ್ವಲ್ಪ ಜೋರಾಗಿ ನುಡಿದುದೇ ಚೆನ್ನೆಂದು ಕಿವಿ ಮೋಸಹೋಗುತ್ತದೆ. ಸಾಧ್ಯವಾದರೆ ಅಜ್ಜಿಯನ್ನೂ ಕರೆದೊಯ್ಯಿರಿ. ಕೀರ್ತನೆಯ ಮಾತುಗಳು ಕಣ್ಮುಚ್ಚಿ ಕುಳಿತ ಆಕೆಗೆ ಬಿಡಿಬಿಡಿಯಾಗಿ ಕೇಳಿದವೆಂದರೆ, ಹೆಚ್ಚಿನ ಪರೀಕ್ಷೆ ಮುಗಿದಂತೆಯೇ.

ಪೆಟ್ಟಿಗೆ ಮನೆಗೆ ಬಂದ ಮೇಲೆ ಇನ್ನೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲಿನ ಮಿತಿಯನ್ನು ಹಾಕಿವೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಇದ್ದಾಳು, ನಿದ್ದೆ ಬಾರದ ಮುದುಕರೊಬ್ಬರು ಇದ್ದಾರು. ಗೌರಿಬಿದನೂರಿನ ಮಾಪಕ ದೂರದ ಭೂಮಿಯ ಸಣ್ಣ ನಡುಕವನ್ನೂ ಹಿಡಿದೀತು. ನೆರೆಮನೆಯವರ ಕಿವಿ ಅದಕ್ಕಿಂತ ಹತ್ತಿರ ಇದೆ. ಒಳ್ಳೆಯ ಜೋಡಿ ಕೂಡಿಬಂದ ಸ್ಪೀಕರಿಗೆ ಕೂಗುವ ಅಗತ್ಯವೇ ಇಲ್ಲ. ಮೆಲ್ಲಗೆ ನುಡಿದರೂ ಹಜಾರದ ಕೊನೆಯ ಚಾಪೆಗೆ ಕೇಳಿಸುತ್ತದೆ.